ನಿಮಗ ಇಷ್ಟದ ಕೆಲಸ ಯಾವುದ್ರಿ?

ನನ್ನ ಹೆಂಡತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅಡುಗೆ, ಕಸ, ಅವಳ ಸ್ನಾನ ಎಲ್ಲ ನನ್ನ ಪಾಲಿಗೆ ಬಂತು. ನಮಗೆ ಮಕ್ಕಳಿಲ್ಲ. ಮಾದನಹಿಪ್ಪರಗಾದ ಬಸ್ ನಿಲ್ದಾಣದ ಎದುರಿಗಿದ್ದ ಹೊಲಿಗೆ ಅಂಗಡಿ ಮುಚ್ಚಿ ಮಷಿನ್ ಮನೆಗೆ ತಂದೆ. ಮೊದಮೊದಲು ಅವಳ ತಲೆ ಬಾಚಿದರೆ ಬೈತಲೆ ಸೊಟ್ಟಗಾಗುತ್ತಿತ್ತು. ಆಮೇಲೆ ಅದೂ ರೂಢಿಯಾಯಿತು. ದುಃಖವೆಂದೂ ಇರಲಿಲ್ಲ, ಬೇಸರವೆಂದೂ ಇರಲಿಲ್ಲ. ಬೆಳಗಾದರೆ ಏಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಬ್ಬ ನರ್ಸಮ್ಮ ಬಂದರು. ರೋಗಿಗಳದ್ದಲ್ಲ, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಬದುಕು ಹೇಗಿದೆ ಎಂದು ಕೇಳುತ್ತ ಊರೂರು ತಿರುಗುತ್ತಿದ್ದರು. ಹೊಸ್ತಿಲಲ್ಲೇ ನಿಂತು ಒಳಗೆ ಹಣಿಕಿದರು.

"ಇವರನ್ನ ನೋಡ್ಕೊಳ್ಳೋ ಹೆಣ್ಮಗಳನ್ನ ಸ್ವಲ್ಪ ಕರೀರಿ."

"ನಾನೇ ನೋಡ್ಕೋತೇನ್ರಿ."

ಅವರು ಒಮ್ಮೆ ನನ್ನನ್ನು, ಒಮ್ಮೆ ಮಷಿನ್ ಮೇಲೆ ಮಡಿಚಿಟ್ಟಿದ್ದ ಸೀರೆಯನ್ನು ನೋಡಿ ಕುಳಿತರು. ಮೊಬೈಲ್ ತೆಗೆದು ಪ್ರಶ್ನೆ ಓದತೊಡಗಿದರು. ಊಟ ಸೇರುತ್ತದೆಯೇ, ಬೆನ್ನು ನೋಯುತ್ತದೆಯೇ, ಸಿಟ್ಟು ಬರುತ್ತದೆಯೇ. ಎಲ್ಲಕ್ಕೂ "ನಡೀತದ್ರಿ" ಎಂದೆ.

"ಹಂಗಂದ್ರ ಹೆಂಗ್ರಿ ಅಣ್ಣಾರ? ಭಾಳ, ಸ್ವಲ್ಪ, ಇಲ್ಲ. ಇದರಾಗ ಒಂದ್ ಹೇಳ್ರಿ."

"ಸ್ವಲ್ಪ ಅಂತ ಹಾಕ್ರಿ."

ಸಿಟ್ಟಿಗೂ ಸ್ವಲ್ಪ ಎಂದೆ, ಸಂತೋಷಕ್ಕೂ ಸ್ವಲ್ಪ ಎಂದೆ.

"ನಿಮಗ ಇಷ್ಟದ ಕೆಲಸ ಯಾವುದ್ರಿ? ಅದಕ್ಕ ಟೈಮ್ ಸಿಗ್ತದೇನು?"

ಯೋಚಿಸಿದೆ. ನಿಜವಾಗಿಯೂ ಏನೂ ನೆನಪಾಗಲಿಲ್ಲ. ಆಗ ಹೊರಸಿನ ಮೇಲೆ ಮಲಗಿದ್ದ ನನ್ನವಳು ಸೊಟ್ಟ ಬಾಯಲ್ಲೇ ಒಂದೊಂದೇ ಅಕ್ಷರ ಎಳೆದು "ವಾ... ಲಿ... ಬಾಲ್" ಎಂದಳು.

ಹೌದು. ಮದುವೆಯಾದ ಹೊಸದರಲ್ಲಿ ಸಂಜೆ ಅಂಗಡಿ ಮುಚ್ಚಿದವನೇ ಶಾಲೆಯ ಮೈದಾನಕ್ಕೆ ಓಡುತ್ತಿದ್ದೆ. ರೊಟ್ಟಿ ಆರಿಹೋಗುತ್ತದೆಂದು ಅವಳು ಬೈಯುತ್ತಿದ್ದಳು. ನನಗೇ ಮರೆತುಹೋಗಿತ್ತು.

ನರ್ಸಮ್ಮ ಹೋದ ಮೇಲೂ ಅವಳು ಬಿಡಲಿಲ್ಲ. ನನ್ನಿಂದಲೇ ಫೋನ್ ಮಾಡಿಸಿ ಸರಸಂಬಾದಿಂದ ನನ್ನ ಅಕ್ಕನನ್ನು ಕರೆಸಿದಳು. "ತಮ್ಮಾ, ಆಳಂದಕ್ಕರ ಹೋಗಿ ಬಾ. ನಾ ಇಲ್ಲೇ ಅದೇನಿ," ಎಂದು ಅಕ್ಕ ನನ್ನನ್ನು ಹೊರಗೆ ಕಳಿಸಿದಳು.

ತಾಲೂಕಿನ ಊರು ಆಳಂದದಲ್ಲಿ ಬಸ್ ಇಳಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಚಹಾ ಕುಡಿದೆ, ರುಚಿ ಗೊತ್ತಾಗಲಿಲ್ಲ. ಒಂದು ಮೈದಾನದಲ್ಲಿ ಕಾಲೇಜಿನವರು ವಾಲಿಬಾಲ್ ಆಡುತ್ತಿದ್ದರು. ಬೇವಿನ ಗಿಡದ ಕೆಳಗೆ ನಿಂತು ನೋಡಿದೆ. ಚೆಂಡು ಉರುಳಿ ನನ್ನ ಕಾಲ ಬಳಿ ಬಂತು.

"ಕಾಕಾ, ಒಗೀರಿ!"

ಎತ್ತಿ ಒಗೆದೆ. ಏನೂ ಅನ್ನಿಸಲಿಲ್ಲ. ಅಕ್ಕ ಅವಳ ಮಗ್ಗಲು ಬದಲಿಸಿದಳೋ ಇಲ್ಲವೋ ಎಂಬುದಷ್ಟೇ ತಲೆಯಲ್ಲಿತ್ತು. ಸಿಕ್ಕ ಬಸ್ ಹತ್ತಿ ಮರಳಿದೆ.

"ಆಡಿದ್ರಿ?" ಎಂದಳು.

"ಇಲ್ಲ. ನೋಡಿದೆ."

"ಛಂದ ಇತ್ತು?"

ಹೌದೆಂದರೆ ಅವಳು ಹಿಗ್ಗುತ್ತಿದ್ದಳು. ಸುಳ್ಳು ಹೇಳಲೂ ಮನಸ್ಸು ಬರಲಿಲ್ಲ. "ಗೊತ್ತಾಗಲಿಲ್ಲ ನೋಡು," ಎಂದೆ.

ಅವಳು ಎಡಗೈಯಿಂದ ನನ್ನ ಅಂಗಿಯ ತುದಿ ಹಿಡಿದು, "ಮತ್ತ... ಹೋಗ್ರಿ" ಎಂದಳು.

ಹಾಗಾಗಿ ಅಕ್ಕ ಬಂದಾಗಲೆಲ್ಲ ಹೋಗುತ್ತೇನೆ. ಇನ್ನೂ ಆಡಿಲ್ಲ. ಯಾರನ್ನೂ ಮಾತಾಡಿಸಿಲ್ಲ. ಹೋಗುವಾಗ ಬಸ್ಸಿನಲ್ಲಿ ಅವಳ ಮಗ್ಗಲಿನದೇ ಚಿಂತೆ. ಮೊನ್ನೆ ಮಾತ್ರ ಅದೂ ಮರೆತು ನಿದ್ದೆ ಹತ್ತಿಬಿಟ್ಟಿತ್ತು. "ಆಳಂದ ಬಂತು, ಇಳೀರಿ," ಎಂದು ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಬೇಕಾಯಿತು.