ಅಪ್ಪನಿಗೆ ಚಿಕ್ಕಪ್ಪನ ಪರಿಚಯ

“ನಿಮಗೆ ಇವರ ಪರಿಚಯ ಇಲ್ಲ ಅನ್ಸುತ್ತೆ” ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಫ್ರೇಯಾ ನನ್ನ ಚಿಕ್ಕಪ್ಪನನ್ನು ಕರೆತಂದು ಅಪ್ಪನ ಎದುರು ನಿಲ್ಲಿಸಿದಾಗ, ಹನುಮಂತನಗರದ ನಮ್ಮ ನಡುಮನೆಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಕ್ಕನ ನಿಶ್ಚಿತಾರ್ಥಕ್ಕೂ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದಿದ್ದರು.

ಫ್ರೇಯಾ ಅಕ್ಕನ ಸಹೋದ್ಯೋಗಿ, ಡೆನ್ಮಾರ್ಕಿನವಳು. ಅವರಲ್ಲಿ ಅತಿಥಿಯಾದವರು ಅಲ್ಲಿರುವ ಪ್ರತಿಯೊಬ್ಬರ ಕೈ ಕುಲುಕಿ ಹೆಸರು ಹೇಳಬೇಕಂತೆ. ಬಂದವಳೇ ಅಜ್ಜಿಯಿಂದ ಹಿಡಿದು ನಲವತ್ತು ಜನರ ಕೈಯನ್ನೂ ಕುಲುಕಿದಳು. ಇದೆಲ್ಲ ಬರೀ ತೋರಿಕೆ ಎಂದು ನಾನು ಅಕ್ಕನೊಂದಿಗೆ ವಾದಕ್ಕಿಳಿದಿದ್ದೆ. ಇಬ್ಬರು ಗಂಡಸರು ಮಾತ್ರ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತನಾಡದ್ದನ್ನು ಕಂಡು ಅವಳು, ಪಾಪ, ಅಪರಿಚಿತರೆಂದೇ ತಿಳಿದಳು.

“ಇವನ ಪರಿಚಯ ನಂಗಾ? ಇವನಿಗೆ ಸೈಕಲ್ ಕಲಿಸಿದ್ದೇ ನಾನು ಕಣಮ್ಮ!” ಅಪ್ಪ ಕನ್ನಡದಲ್ಲೇ ರೇಗಿದರು.

“ಎರಡು ಸಲ ನನ್ನನ್ನ ಮೋರಿಗೆ ಬೀಳಿಸಿದ್ದೆ, ಅದನ್ನೂ ಹೇಳಣ್ಣ” ಎಂದರು ಚಿಕ್ಕಪ್ಪ.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಏನೂ ಅರ್ಥವಾಗದ ಫ್ರೇಯಾ, ಇವರು ಕೈ ಕುಲುಕಲಿ ಎಂದು ಕಾಯುತ್ತಲೇ ಇದ್ದಳು. ಕುಲುಕಿದರು.

ಯಾರದು ಎಷ್ಟು ತಪ್ಪು ಎಂದು ಎರಡು ವರ್ಷದಿಂದ ಇಬ್ಬರಿಗೂ ತರ್ಕಬದ್ಧವಾಗಿ ವಿವರಿಸುತ್ತಿದ್ದವರು ಯಾರೆಂದರೆ, ನಾನೇ. ಅಂದು ಅವರು ಅಕ್ಕಪಕ್ಕ ಊಟಕ್ಕೆ ಕೂತರು. ನಾನು ಬಾಯಿ ಮುಚ್ಚಿಕೊಂಡು ಇಬ್ಬರಿಗೂ ಹೋಳಿಗೆ ಬಡಿಸಿದೆ.