ನೆಟ್ಟಾಳ ಮನೆಯ ಎರಡು ಮಂಚ

ನೆಟ್ಟಾ ಫ್ಲೆಟ್ ಸ್ಕಾಟ್ಲೆಂಡಿನ ಉತ್ತರಕ್ಕಿರುವ ನಮ್ಮ ಆರ್ಕ್ನಿ ದ್ವೀಪದಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಈಗ ಮಕ್ಕಳೊಂದಿಗರಾದ ಎಷ್ಟೋ ಜನ ಚಿಕ್ಕಂದಿನಲ್ಲಿ ಅವಳಿಂದ ಬೈಸಿಕೊಂಡವರೇ. ಪುಟ್ಟ ದ್ವೀಪಗಳ ಅಂತರರಾಷ್ಟ್ರೀಯ ಕ್ರೀಡಾಕೂಟ ಈ ಸಲ ನಮ್ಮಲ್ಲೇ ಎಂದಾದಾಗ, ಬರುವ ಆಟಗಾರರನ್ನೆಲ್ಲ ಎಲ್ಲಿ ಮಲಗಿಸುವುದು ಎಂಬ ತಲೆನೋವನ್ನು ಸಮಿತಿ ಅವಳ ಕುತ್ತಿಗೆಗೆ ಕಟ್ಟಿತು. ಅವರ ಊಟದ ಹೊಣೆ ನನ್ನದು. ಹಾಗಾಗಿ ಇಡೀ ಚಳಿಗಾಲ ನಾವಿಬ್ಬರೂ ಒಂದೇ ಮೇಜಿನ ಎದುರು ಬದುರು ಕೂತು ಜಗಳಾಡಿದೆವು.

ಶಾಲೆಯ ತರಗತಿಗಳಲ್ಲಿ ಮಂಚ ಹಾಕಿಸಿದ್ದಾಯಿತು, ಹೋಟೆಲುಗಳು ತುಂಬಿದವು. ಉಳಿದವರಿಗಾಗಿ ಒಂದು ಹಡಗನ್ನೇ ಬಾಡಿಗೆಗೆ ಹಿಡಿದೆವು. ಅದು ಬಂದರಿನಲ್ಲಿ ನಿಲ್ಲುವುದು, ಅವರು ಅದರಲ್ಲೇ ಮಲಗುವುದು ಎಂದು. ತಂಡಗಳು ಬರುವ ವಾರದಲ್ಲೇ ಆ ಹಡಗಿನ ಎಂಜಿನ್ ಕೆಟ್ಟಿತು. ಬರಲಾಗುವುದಿಲ್ಲ ಎಂದು ಸುದ್ದಿ ಕಳಿಸಿದರು.

ಸಮಿತಿಯವರು ತಲೆಯ ಮೇಲೆ ಕೈಹೊತ್ತು ಕೂತರು. ನೆಟ್ಟಾ ಕೋಟು ಹಾಕಿಕೊಂಡು, ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಮನೆಮನೆ ಸುತ್ತಲು ಹೊರಟಳು. ಬೇಡಿಕೊಳ್ಳುವ ಜಾಯಮಾನವೇ ಅವಳದಲ್ಲ. ಬಾಗಿಲು ತೆರೆದವರಿಗೆ, ನಿಮ್ಮ ಪಾಲಿಗೆ ಇಬ್ಬರು ಸೈಕಲ್ಲಿನವರು, ಚೆನ್ನಾಗಿ ಉಣ್ಣುತ್ತಾರೆ ಎಂದು ಹೇಳಿಬಿಡುವಳು. ಗೊಣಗಿದವರುಂಟು, ಆಗದೆಂದವರಿಲ್ಲ. ಒಬ್ಬಾಕೆಯಂತೂ ಗಂಡನನ್ನು ಸೋಫಾಕ್ಕೆ ಕಳಿಸಲು ಒಳ್ಳೆಯ ನೆಪ ಸಿಕ್ಕಿತೆಂದು ಖುಷಿಪಟ್ಟಳು.

ಕೊನೆಗೆ ಎಡ್ವಿನ್ ಡ್ರೀವರನ ಮನೆ. ದನ ಸಾಕಿಕೊಂಡಿರುವವನು, ನೆಟ್ಟಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೂವರು ಈಜುಗಾರರನ್ನು ಇಟ್ಟುಕೊಳ್ಳಲು ಒಪ್ಪಿ, ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತ.

"ಅದ್ಸರಿ, ನಿಮ್ಮನೇಲಿ ಎಷ್ಟು ಜನ?"

"ನಮ್ದು ಚಿಕ್ಕ ಮನೆ ಕಣೋ."

"ಇಂಗಾ ಇದ್ದಾಗ ಇಬ್ರಿಗೂ ಸಾಲ್ತಿತ್ತಲ್ಲ. ಅವಳ ಕೋಣೆ ಏನು, ಗಾಳಿಗೆ ಹಾರಿಹೋಯ್ತಾ?"

ನೆಟ್ಟಾ ಕಾರಿನತ್ತ ತಿರುಗಿದಳು. ಇಂಗಾ ಅವಳ ಅಕ್ಕ. ಇಬ್ಬರೂ ಮದುವೆಯಾಗದೆ ಒಂದೇ ಸೂರಿನಡಿ ಬಾಳಿದವರು. ಅಕ್ಕ ತೀರಿಕೊಂಡ ಮೇಲೆ ಆ ಕೋಣೆಯ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ನನ್ನ ಮನೆ ದಾಟಿದರೂ ನೆಟ್ಟಾ ಕಾರು ನಿಲ್ಲಿಸಲಿಲ್ಲ. ತನ್ನ ಅಂಗಳದಲ್ಲಿ ಇಳಿದು, "ಬಾ ಒಳಗೆ. ಮಂಚ ಸರಿಸೋಕೆ ನನ್ನೊಬ್ಳ ಕೈಲಾಗಲ್ಲ" ಎಂದಳು.

ಕೋಣೆ ತುಂಬ ಉಣ್ಣೆಯ ಉಂಡೆಗಳು, ಅರ್ಧ ಹೆಣೆದ ಒಂದು ಸ್ವೆಟರು. ಅದನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಾ ಸ್ವಲ್ಪ ಹೊತ್ತು ಕೂತಳು. ಧೂಳಿಗೆ ಕಣ್ಣು ಉರಿಯುತ್ತಿದೆ ಎಂದಳು; ನಾನೂ ಹೌದೆಂದೆ. ಆಮೇಲೆ ಕಿಟಕಿ ತೆರೆದು ಗುಡಿಸಿ, ನೆಟ್ಟಾಳ ಮಂಚವನ್ನೂ ಅಲ್ಲಿಗೇ ಸರಿಸಿದೆವು; ತನಗೆ ಸೋಫಾ ಸಾಕೆಂದಳು.

ಅವಳ ಪಾಲಿಗೆ ಬಂದವರು ಬಾಲ್ಟಿಕ್ ಸಮುದ್ರದ ಸಾರೆಮಾ ದ್ವೀಪದ ಇಬ್ಬರು ಹುಡುಗಿಯರು: ಎತ್ತರ ಜಿಗಿಯುವ ಕಾಡ್ರಿ, ಈಟಿ ಎಸೆಯುವ ಪಿರೆಟ್. ಇಬ್ಬರೂ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಬರಬೇಕು. ಮಲಗಿದರೆ ಕಾಲು ಮಂಚದಾಚೆ ಚಾಚಿಕೊಳ್ಳುತ್ತಿತ್ತು. ನೆಟ್ಟಾ ಮಂಚದ ತುದಿಗೆ ಸ್ಟೂಲುಗಳನ್ನಿಟ್ಟು ದಿಂಬು ಹಾಕಿಕೊಟ್ಟಳು. ಬೆಳಿಗ್ಗೆ ಬಾರ್ಲಿ ರೊಟ್ಟಿಗೆ ಬೆಣ್ಣೆ ಸವರಿ ಬಡಿಸಿ, ಇನ್ನೊಂದು ತಿನ್ನಿ ಎಂದು ಗದರಿಸುವಳು. ಹಿತ್ತಲಿನ ಕಲ್ಲುಗೋಡೆಯನ್ನು ಕಾಡ್ರಿ ಕುರಿಮರಿಯಂತೆ ಹಾರಿ ದಾಟಿದ್ದನ್ನು ಕಂಡಮೇಲೆ ಮಾತ್ರ ಅವಳು ಪೂರ್ತಿ ಮರುಳಾಗಿಬಿಟ್ಟಳು. ಯಾರು ಸಿಕ್ಕರೂ, ನಮ್ಮ ಹುಡುಗಿ ಜಿಗಿಯುವುದನ್ನು ನೋಡಬೇಕು ನೀವು ಎನ್ನತೊಡಗಿದಳು.

ತೊಡಕೆಂದರೆ, ಅದೇ ಜಿಗಿತಕ್ಕೆ ಆರ್ಕ್ನಿಯ ಪರವಾಗಿ ಇಳಿದಿದ್ದವಳು ಎಡ್ವಿನ್‌ನ ಮೊಮ್ಮಗಳು ಮೇವ್.

ಸ್ಪರ್ಧೆಯ ದಿನ ಗಾಳಿ ಜೋರಾಗಿತ್ತು. ಅಡ್ಡಕೋಲು ತಾನಾಗಿಯೇ ಎರಡು ಸಲ ಬಿತ್ತು. ಕೊನೆಕೊನೆಗೆ ಒಂದೇ ಎತ್ತರದಲ್ಲಿ ಕಾಡ್ರಿಗೂ ಮೇವ್‌ಗೂ ಮೂರನೆಯ ಸ್ಥಾನಕ್ಕೆ ಪೈಪೋಟಿ ಬಿತ್ತು. ಮೇವ್‌ಳ ಹಿಮ್ಮಡಿ ತಾಗಿ ಕೋಲು ಉರುಳಿತು. ಕಾಡ್ರಿ ದಾಟಿದಳು. ನಮ್ಮವರೆಲ್ಲ ಉಸ್ಸೆಂದು ಕೂತಿದ್ದಾಗ ನೆಟ್ಟಾ ಒಬ್ಬಳೇ ಎದ್ದು ನಿಂತು, ಬಸ್ಸಿನಲ್ಲಿ ಮಕ್ಕಳನ್ನು ಕೂಗುತ್ತಿದ್ದ ದನಿಯಲ್ಲಿ ಕೇಕೆ ಹಾಕಿದಳು. ಕ್ರೀಡಾಂಗಣವೆಲ್ಲ ಇತ್ತ ತಿರುಗಿತು.

"ನೀನು ಯಾವ ಊರಿನೋಳೇ?" ಎಂದ ಎಡ್ವಿನ್.

ನೆಟ್ಟಾಳ ಮುಖ ಕೆಂಪಾಯಿತು. "ನಮ್ಮನೇಲಿ ಊಟ ಮಾಡಿದ ಹುಡುಗಿ ಕಣೋ ಅವಳು. ನಾನು ಕೂಗ್ದೆ ಇನ್ಯಾರು ಕೂಗ್ತಾರೆ? ಅವರಮ್ಮ ಬಂದಿದಾರಾ ಇಲ್ಲಿ?"

"ಹಾಗಾದ್ರೆ ಸಂಜೆ ಇಬ್ರನ್ನೂ ನಮ್ಮನೆಗೆ ಕರ್ಕೊಂಡ್ ಬಾ. ಆ ಜಿಗಿಯೋದನ್ನ ನಮ್ಮ ಮೇವ್‌ಗೂ ಸ್ವಲ್ಪ ಹೇಳಿಕೊಡ್ಲಿ" ಎಂದ ಎಡ್ವಿನ್.

ಆ ಸಂಜೆ ಎಡ್ವಿನ್‌ನ ಹುಲ್ಲಿನ ಬಣವೆಯ ಮುಂದೆ ಹಗ್ಗ ಕಟ್ಟಿ ಎಲ್ಲರೂ ಜಿಗಿದರು. ಮೊದಮೊದಲು ಮುಖ ಊದಿಸಿಕೊಂಡಿದ್ದ ಮೇವ್ ನಗುನಗುತ್ತ ಹುಲ್ಲಿಗೆ ಬಿದ್ದಳು. ಎಡ್ವಿನ್‌ನ ಈಜುಗಾರರೂ ಜಿಗಿದರು. ಮೊಣಕಾಲೆತ್ತರದ ಹಗ್ಗವನ್ನು ನೆಟ್ಟಾ ಲಂಗ ಎತ್ತಿ ಹಿಡಿದು ದಾಟಿದಳು; ಆಗ ಎದ್ದ ಗದ್ದಲಕ್ಕೆ ದನಗಳು ಬೇಲಿಯ ಹತ್ತಿರ ಬಂದು ನಿಂತವು.

ಮುಂದಿನ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣ ದಾಟಿ ಎಂದೂ ಹೋಗಿರದ ನೆಟ್ಟಾ ಸಾರೆಮಾಕ್ಕೆ ಹೋಗಿಬಂದಳು. ಕಾಡ್ರಿಯ ಅಜ್ಜಿಯ ಮನೆಯಲ್ಲಿ ಉಳಿದಳಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಹೊಗೆ ಹಾಕಿದ ಮೀನು ತಿನ್ನುತ್ತ ದಿನವಿಡೀ ಹರಟಿದರಂತೆ. ಏನು ಹರಟಿದಿರಿ ಎಂದು ಕೇಳಿದೆ. ನೆಟ್ಟಾ ಯೋಚಿಸಿ, ಹೆಚ್ಚಾಗಿ ಇಂಗಾಳ ವಿಷಯವೇ ಎಂದಳು.