ಸಿಲಿಂಡರಿನ ಬಾಯಿಗೆ ಎರಡು ಹನಿ

ಭಯ ಒಂದು ವಾದವಲ್ಲ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಎದುರಾಳಿ ‘ಹೀಗಾದರೆ ಏನು ಗತಿ?’ ಎಂದರೆ ‘ಹೀಗೇ ಆಗುತ್ತದೆ ಅನ್ನುವುದಕ್ಕೆ ಆಧಾರ ಕೊಡಿ’ ಎನ್ನುವುದು ನನ್ನ ಮಾಮೂಲಿ ಪಟ್ಟು. ಆ ಪಟ್ಟು ಒಂದು ದಸರೆಯ ಬೆಳಿಗ್ಗೆ ಕೈಕೊಟ್ಟಿತು. ಅವತ್ತು ನನ್ನ ಎದುರಿಗೆ ಯಾವ ಎದುರಾಳಿಯೂ ಇರಲಿಲ್ಲ. ಇದ್ದದ್ದು ಅಪ್ಪನ ಸ್ಕೂಟರು, ಪುಣೆಯ ಹಬ್ಬದ ಟ್ರಾಫಿಕ್ಕು, ಮತ್ತು ಕಣ್ಣಿಗೆ ಕಟ್ಟಿದ ನನ್ನ ಅಕ್ಕನ ಎಡಗೈಯ ಚಿತ್ರ.

ಅಕ್ಕ ಸ್ಪರ್ಧೆಗಳಲ್ಲಿ ಗುರಿ ಹೊಡೆಯುವವಳು. ಕಲಿತದ್ದು ಕ್ಲಬ್ಬಿನ ಹಳೆಯ ಸ್ಪ್ರಿಂಗ್ ಬಂದೂಕಿನಲ್ಲಿ. ಪ್ರತಿ ಗುಂಡಿಗೂ ಅದರ ಸ್ಪ್ರಿಂಗನ್ನು ಬಲ ಹಾಕಿ ಹಿಂದಕ್ಕೆ ಎಳೆಯಬೇಕು, ಟ್ರಿಗರಿನ ಕುದುರೆ ಎಳೆದರೆ ಒಳಗೆ ಸ್ಪ್ರಿಂಗ್ ಜಿಗಿದು ಇಡೀ ಬಂದೂಕು ಅದುರುತ್ತದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದನ್ನು ಹಿಡಿದು ಗೆಲ್ಲುವ ಕಾಲ ಹೋಗಿತ್ತು. ಗೆಲ್ಲುವವರ ಕೈಯಲ್ಲೆಲ್ಲ ಹೊಸ ನಮೂನೆಯ ಬಂದೂಕು: ನಳಿಗೆಯ ಕೆಳಗೆ ತಿರುವಿ ಕೂರಿಸುವ ಒಂದು ಲೋಹದ ಸಿಲಿಂಡರ್, ಅದರೊಳಗೆ ಒತ್ತಿ ತುಂಬಿದ ಗಾಳಿ. ಕುದುರೆ ಎಳೆದರೆ ಚಿಟಿಕೆಯಷ್ಟು ಗಾಳಿ ಹೊರಬಂದು ಗುಂಡನ್ನು ತಳ್ಳುತ್ತದೆ, ಬಂದೂಕು ಮಿಸುಕುವುದೂ ಇಲ್ಲ. ಅರ್ಜಿ, ಪರವಾನಗಿ, ಕಸ್ಟಮ್ಸು ಎಂದು ಕಾದು ಕಾದು ಸಾಕಾದ ಮೇಲೆ ಅಂಥದೊಂದು ಜರ್ಮನಿಯಿಂದ ಸದಾಶಿವ ಪೇಠದ ನಮ್ಮ ಎರಡು ಕೋಣೆಯ ಮನೆಗೆ ಬಂತು. ಜೊತೆಗೆ ದಪ್ಪ ಕ್ಯಾನ್ವಾಸಿನ ಜಾಕೆಟ್ಟು. ಅದು ಎಷ್ಟು ಬಿರುಸೆಂದರೆ ನೆಲದ ಮೇಲಿಟ್ಟರೆ ತಲೆಯಿಲ್ಲದ ಮನುಷ್ಯನ ಹಾಗೆ ತಾನೇ ನಿಲ್ಲುತ್ತಿತ್ತು.

ಗಾಳಿ ತುಂಬುವುದನ್ನು ಕಲಿಸಿದ ದಿನ ನಾನೂ ರೇಂಜಿಗೆ ಹೋಗಿದ್ದೆ. ಕೋಚ್ ಸರ್ ಮರಾಠಿಯಲ್ಲಿ ಹೇಳಿದರು: ‘ಮದ್ದಿಲ್ಲ, ಬೆಂಕಿಯಿಲ್ಲ ಅಂತ ಇದನ್ನು ಆಟಿಕೆ ಅಂದುಕೊಳ್ಳಬೇಡಿ. ಲಾರಿಯ ಟೈರಿನಲ್ಲಿರುವ ಗಾಳಿ ಇದರ ಮುಂದೆ ಏನೂ ಅಲ್ಲ. ಇದಕ್ಕೆ ಎರಡು ಶತ್ರು, ಬಿಸಿಲು ಮತ್ತು ಎಣ್ಣೆ. ಸಿಲಿಂಡರಿನ ಬಾಯಿಯಲ್ಲಿ ಎಣ್ಣೆ ಇದ್ದು ಜೋರಾಗಿ ಗಾಳಿ ತುಂಬಿದಿರೋ, ಗಾಳಿ ಕಾಯುತ್ತದೆ, ಎಣ್ಣೆ ಹೊತ್ತುತ್ತದೆ, ಸಿಲಿಂಡರ್ ಬಾಂಬಾಗುತ್ತದೆ. ಒಬ್ಬನ ಕೈಯೇ ಹೋಗಿದೆ.’

‘ಎಲ್ಲಿ ಸರ್? ನೀವು ನೋಡಿದಿರಾ?’ ಎಂದೆ.

‘ನೋಡಿಲ್ಲ. ಕೇಳಿದ್ದೇನೆ.’

ನಾನು ಅಕ್ಕನ ಕಡೆ ನೋಡಿ ಹುಬ್ಬೇರಿಸಿದೆ. ಕೇಳಿದ್ದೇನೆ ಎನ್ನುವುದು ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲದ ಸಾಕ್ಷಿ.

ಆಮೇಲೆ ಖಂಡೆ ಪೂಜೆ ಬಂತು, ದಸರೆಯ ಹಿಂದಿನ ದಿನದ ಆಯುಧ ಪೂಜೆ. ಮರುದಿನ, ಅಂದರೆ ದಸರೆಯ ಬೆಳಿಗ್ಗೆಯೇ, ರಾಜ್ಯದ ತಂಡಕ್ಕೆ ಆಯ್ಕೆಯ ಸ್ಪರ್ಧೆ. ಧಾರವಾಡದಿಂದ ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಅವ್ವ ಈ ಹಬ್ಬವನ್ನು ತವರಿನ ಕಟ್ಟಳೆಯಂತೆಯೇ ಮಾಡುವವಳು. ಹೊಲಿಗೆ ಮಷಿನ್ನು, ಈಳಿಗೆ, ಅಪ್ಪನ ನಟ್ಟು ಬಿಗಿಯುವ ಪಾನಾ, ಇಕ್ಕಳ ಎಲ್ಲ ದೇವರ ಮುಂದೆ ಸಾಲಾಗಿ ಕೂರುತ್ತಿದ್ದವು. ಒಮ್ಮೆ ಇಟ್ಟ ಸಾಮಾನನ್ನು ಅದರ ಒಡೆಯರು ಮರುದಿನದ ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ಅವ್ವ ಬಂದೂಕನ್ನೂ ಕೇಳಿದಾಗ ನಾನು ಸುಮ್ಮನಿರಲಿಲ್ಲ.

“ಅದು ಗಾಳಿ ತುಂಬಿದ ಕೊಳವಿ ಅವ್ವಾ. ಸೈಕಲ್ ಪಂಪಿಗೆ ಯಾರರೆ ಪೂಜಾ ಮಾಡ್ತಾರೇನು?”

“ತಂದಿಡು, ಅದಕ್ಕೂ ಮಾಡ್ತೀನಿ. ಹ್ವಾದ ವರ್ಷ ನಿನ್ನ ಡಿಬೇಟಿನ ಕಪ್ಪಿಗೂ ಮಾಡೀನಿ. ಅವಾಗ ಬಾಯಿ ಮುಚಗೊಂಡು ಪ್ರಸಾದ ತಿಂದಿ.”

“ಕಪ್ಪಿಗ್ಯಾಕ ಮಾಡ್ದಿ ಅವ್ವಾ?” ಅಕ್ಕ ನಕ್ಕಳು. “ಅವನ ಬಾಯಿಗೇ ಕುಂಕುಮ ಹಚ್ಚಬೇಕಿತ್ತು. ಅವನ ಆಯುಧ ಅದ ಅಲ್ಲಾ?”

ಅಕ್ಕ ನನ್ನ ಹಾಗೆ ತತ್ತ್ವದ ಮಟ್ಟದಲ್ಲಿ ವಾದಿಸುವವಳಲ್ಲ, ಒಪ್ಪಂದ ಮಾಡಿಕೊಳ್ಳುವವಳು. ನಳಿಗೆಗೆ ಕುಂಕುಮ ಬೇಡ, ಅಕ್ಷತೆಯ ಕಾಳು ಒಳಗೆ ಹೋದರೆ ಗುಂಡು ಸಿಕ್ಕಿಕೊಳ್ಳುತ್ತದೆ, ಹೂವು ಪೆಟ್ಟಿಗೆಯ ಮೇಲಷ್ಟೇ ಇರಲಿ, ತೆಂಗಿನಕಾಯಿ ದೂರ ಒಡೆ ಎಂದು ಒಂದೊಂದೇ ಕರಾರು ಹಾಕಿದಳು. “ಆತು ಮಹರಾಯ್ತಿ,” ಎಂದಳು ಅವ್ವ. “ವರನ ಕಡಿಯವರು ಸೈತ ಇಷ್ಟು ಕರಾರು ಹಾಕೂದಿಲ್ಲ.” ಅವ್ವ ಮಾತಿಗೆ ತಪ್ಪುವವಳಲ್ಲ. ಆ ಸಂಜೆ ಬಂದೂಕಿಗೆ ಒಂದು ಚಿಟಿಕೆ ಕುಂಕುಮ ತಾಗಲಿಲ್ಲ, ಒಂದು ಕಾಳು ಬೀಳಲಿಲ್ಲ.

ದಸರೆಯ ಬೆಳಿಗ್ಗೆ ಅವ್ವ ಬೇಗನೆ ಮಂಗಳಾರತಿ ಮುಗಿಸಿದಳು. ಅಕ್ಕ ಬಂದೂಕಿನ ಪೆಟ್ಟಿಗೆ ಹೊತ್ತುಕೊಂಡು ಗೆಳತಿಯ ಕಾರಿನಲ್ಲಿ ರೇಂಜಿಗೆ ಹೋದಳು. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಿತ್ತು, ಅಲ್ಲೇ ತುಂಬಿಸುತ್ತೇನೆ ಎಂದಿದ್ದಳು. ಅಪ್ಪ ಸ್ಕೂಟರ್ ಮನೆಯಲ್ಲೇ ಬಿಟ್ಟು ತಳೇಗಾಂವದ ಕಾರ್ಖಾನೆಯ ಪೂಜೆಗೆ ಹೋಗಿದ್ದ. ನಾನು ಚಹಾ ಹಿಡಿದು, ಅವ್ವ ಸಾಮಾನು ಎತ್ತಿಡುವುದನ್ನು ನೋಡುತ್ತ ಕೂತಿದ್ದೆ. ಅವ್ವ ಹೊಲಿಗೆ ಮಷಿನ್ನಿನ ಚಕ್ರವನ್ನು ಒಮ್ಮೆ ತಿರುಗಿಸಿ, ಸದ್ದಿಲ್ಲದೆ ತಿರುಗಿದ್ದಕ್ಕೆ ತಾನೇ ಖುಷಿಪಟ್ಟಳು.

“ಒಣಾ ಸಾಮಾನು ದೇವರ ಮುಂದ ಇಡಬಾರದು ನೋಡು. ಮೊದಲು ಎಣ್ಣಿ ಕಾಣಸ್ಬೇಕು. ಆ ಬಂದೂಕಿನ ಸಿಲಿಂಡರ್ ತಿರುವಿದ್ರ ಕಿರ್ ಅಂತಿತ್ತು. ಅಷ್ಟು ದೂರದಿಂದ ತರಿಸಿದ ಸಾಮಾನು, ಎಣ್ಣಿನ ಕಂಡಿಲ್ಲ ಪಾಪ. ನಿನ್ನೆ ಬಾಯಿಗೆ ಎರಡು ಹನಿ ಬಿಟ್ಟೆ. ಈಗ ಬೆಣ್ಣಿ ಹಂಗ ತಿರಗ್ತದ.”

“ಯಾವ ಬಾಯಿಗೆ?”

“ಅದಕ್ಕೆಷ್ಟು ಬಾಯಿ ಅವ? ನಿನಗಿರೂದೂ ಒಂದ, ಅದಕ್ಕಿರೂದೂ ಒಂದ.”

ಕರಾರಿನಲ್ಲಿ ಕುಂಕುಮವಿತ್ತು, ಅಕ್ಷತೆಯಿತ್ತು, ಹೂವು, ಕಾಯಿ ಎಲ್ಲ ಇದ್ದವು. ಎಣ್ಣೆ ಇರಲಿಲ್ಲ. ಯಾಕೆಂದರೆ ಅವ್ವನ ಲೆಕ್ಕದಲ್ಲಿ ಎಣ್ಣೆ ಪೂಜೆಯೇ ಅಲ್ಲ. ಅದು ಪೂಜೆಗೆ ಮುಂಚಿನ ಆರೈಕೆ. ಹಬ್ಬದ ದಿನ ಮಕ್ಕಳ ತಲೆಗೆ ಎಣ್ಣೆ ಒತ್ತಿ ಎರೆಯುವುದಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೆ?

ಅವ್ವನಿಗೆ ಏನೂ ಹೇಳಲಿಲ್ಲ. ಕೆಳಗಿನ ಅಂಗಡಿಯಿಂದ ರೇಂಜಿಗೆ ಫೋನ್ ಮಾಡಿದೆ. ಹಬ್ಬದ ದಿನ, ಆಫೀಸಿನಲ್ಲಿ ಗಂಟೆ ಬಡಿದು ಬಡಿದು ನಿಂತಿತು. ನಮ್ಮ ಮನೆಗಾಗಲಿ ಆ ಗೆಳತಿಯ ಮನೆಗಾಗಲಿ ಮೊಬೈಲ್ ಇನ್ನೂ ಬಂದಿರಲಿಲ್ಲ. ಓಡಿಬಂದು ಸ್ಕೂಟರಿಗೆ ಕಿಕ್ ಹೊಡೆದೆ. “ಕುಂಕುಮ ಅಳಸಬ್ಯಾಡೋ!” ಎಂದು ಅವ್ವ ಮೇಲೆ ಮನೆಯ ಗ್ಯಾಲರಿಯಿಂದ ಕೂಗಿದಳು.

ಮುಂದಿನ ದಾರಿ ಈಗಲೂ ನನಗೆ ತುಂಡುತುಂಡಾಗಿಯೇ ನೆನಪಿದೆ. ಹ್ಯಾಂಡಲಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಗಾಳಿಗೆ ಎದ್ದು ಮೊಣಕೈಗೆ ಬಡಿಯುತ್ತಿತ್ತು. ಪೇಠದ ಬೀದಿ ತುಂಬ ಹೂವಿನ ರಾಶಿ. ರಿಕ್ಷಾ, ಬಸ್ಸು, ಕೈಗಾಡಿ ಎಲ್ಲಕ್ಕೂ ಮಾಲೆ, ಎಲ್ಲವೂ ಮೆರವಣಿಗೆಯ ಹಾಗೆ ನಿಧಾನ. ನಾನು ನನ್ನ ಜೊತೆಗೇ ವಾದ ಹೂಡಿದೆ. ಎರಡು ಹನಿ ಅಂದರೆ ಎಷ್ಟು? ಅದು ಒಳಗೇ ಹೋಗಿದೆ ಎನ್ನುವುದಕ್ಕೆ ಏನು ಆಧಾರ? ಕೋಚ್ ಸರ್ ಹೇಳಿದ್ದು ಕೇಳಿದ ಮಾತು. ಎಷ್ಟು ಸಿಲಿಂಡರ್ ಒಡೆದಿವೆ, ಎಲ್ಲಿ, ಯಾರು ಕಂಡಿದ್ದಾರೆ? ಪ್ರತಿ ಪ್ರಶ್ನೆಗೂ ಉತ್ತರ ನನ್ನ ಪರವಾಗಿಯೇ ಇತ್ತು. ಆದರೂ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಕಣ್ಣೆದುರಿಗೆ ಬರುತ್ತಿದ್ದುದು ಒಂದೇ ಭಂಗಿ: ಅಕ್ಕ ಬಂದೂಕೆತ್ತಿ ಕೆನ್ನೆಯನ್ನು ಅದರ ಹಿಡಿಗೆ ಮಲಗಿಸುತ್ತಾಳೆ, ನಿದ್ದೆ ಹೋಗುವವಳ ಹಾಗೆ. ಎಡಗೈಯನ್ನು ಕೆಳಗಿನಿಂದ ಆನಿಸುತ್ತಾಳೆ. ಆ ಕೈಯ ಮುಂದೆಯೇ ಸಿಲಿಂಡರು.

ನದಿ ದಾಟಿ ಯುನಿವರ್ಸಿಟಿ ಸರ್ಕಲ್ ಹತ್ತಿರ ಬಂದಾಗ ಯಾರೋ ಪಟಾಕಿ ಹಾರಿಸಿದರು. ನಾನು ನಡುರಸ್ತೆಯಲ್ಲೇ ಬ್ರೇಕ್ ಒತ್ತಿದೆ. ಹಿಂದಿನ ರಿಕ್ಷಾದವನು ಹೆತ್ತವರನ್ನೆಲ್ಲ ಸೇರಿಸಿ ಬೈದ. ಅಷ್ಟು ದೂರದ ರೇಂಜಿನಲ್ಲಿ ಸಿಲಿಂಡರ್ ಒಡೆದರೆ ಇಲ್ಲಿಗೆ ಕೇಳಿಸುವುದಿಲ್ಲ ಎಂದು ಗೊತ್ತು. ಗೊತ್ತಿದ್ದೂ ಕೇಳಿಸಿಕೊಂಡಿದ್ದೆ.

ಬಾಣೇರದ ಆಚೆ, ರೇಂಜಿನ ಗೇಟು ಹೊಕ್ಕಾಗ ಎಲ್ಲ ಶಾಂತವಾಗಿತ್ತು. ಶಾಂತವಾಗಿದೆ ಎಂದರೆ ಏನೂ ಆಗಿಲ್ಲ ಎಂದೋ, ಎಲ್ಲ ಆಗಿ ಮುಗಿದಿದೆ ಎಂದೋ? ಒಳಗೆ ಓಡಿದೆ. ಸಾಲಾಗಿ ನಿಂತ ಹುಡುಗಿಯರು, ಟಪ್ ಟಪ್ ಎಂಬ ಸಣ್ಣ ಸದ್ದು. ನಡುವೆ ಅಕ್ಕ, ಆ ಜಾಕೆಟ್ಟಿನೊಳಗೆ, ಇಡಿಯಾಗಿ. ಸ್ಪರ್ಧೆ ಆಗಲೇ ಶುರುವಾಗಿತ್ತು. ಅಂದರೆ ಗಾಳಿ ತುಂಬಿ ಆಗಿತ್ತು.

ನೋಡುಗರನ್ನು ತಡೆಯಲು ಕಟ್ಟಿದ್ದ ಹಗ್ಗದ ಈಚೆ ನಿಂತಿದ್ದ ಅಧಿಕಾರಿಗೆ ವಿಷಯವನ್ನು ತಡವರಿಸುತ್ತ ಮರಾಠಿಯಲ್ಲಿ ಹೇಳಿದೆ. ಆತ ಒರಟನಲ್ಲ, ಪೂರ್ತಿ ಕೇಳಿಸಿಕೊಂಡ.

‘ಎಣ್ಣೆ ಹಾಕಿದ್ದನ್ನು ನೀವು ನೋಡಿದಿರಾ?’

‘ಇಲ್ಲ. ಅವ್ವ ಹೇಳಿದಳು.’

‘ಗಾಳಿ ತುಂಬಿದ್ದಾರೆ, ಇಷ್ಟು ಹೊತ್ತು ಹೊಡೆದಿದ್ದಾರೆ. ಆಗುವುದಿದ್ದರೆ ಆಗಲೇ ಆಗುತ್ತಿತ್ತಲ್ಲವೆ? ಈಗ ನಿಲ್ಲಿಸಿದರೆ ಎಲ್ಲರ ಏಕಾಗ್ರತೆ ಕೆಡುತ್ತದೆ, ನಿಮ್ಮ ಅಕ್ಕನದೇ ಮೊದಲು. ಈ ಸುತ್ತು ಮುಗಿಯಲಿ.’

ಒಳ್ಳೆಯ ವಾದ. ನಾನು ತೀರ್ಪುಗಾರನಾಗಿದ್ದರೆ ಅವನಿಗೇ ಅಂಕ ಕೊಡುತ್ತಿದ್ದೆ. ಅವನು ಹೇಳಿದ ಪ್ರತಿ ಮಾತೂ ನಾನು ದಾರಿಯುದ್ದಕ್ಕೂ ನನಗೇ ಹೇಳಿಕೊಂಡು ಬಂದದ್ದು. ಅಷ್ಟರಲ್ಲಿ ಅಕ್ಕ ಮತ್ತೆ ಬಂದೂಕೆತ್ತಿದಳು. ಕೆನ್ನೆ ನಿಧಾನವಾಗಿ ಹಿಡಿಯ ಮೇಲೆ ಮಲಗಿತು.

“ಸ್ಟಾಪ್!”

ಸಭಾಂಗಣದ ಕೊನೆಯ ಸಾಲಿಗೂ ಮುಟ್ಟುವಂತೆ ಪಳಗಿಸಿದ ಗಂಟಲು ಅದು. ಆ ಪದವನ್ನು ಯಾರೇ ಕೂಗಲಿ, ಬಂದೂಕು ಕೆಳಗಿಡಬೇಕೆಂಬುದು ರೇಂಜಿನ ಮೊದಲ ಪಾಠ. ಎಲ್ಲ ನಳಿಗೆಗಳೂ ಒಟ್ಟಿಗೆ ಇಳಿದವು. ಅಕ್ಕ ತಿರುಗಿ ನನ್ನನ್ನು ನೋಡಿದಳು. ಅವಳ ಮುಖ ಬಿಳಿಚಿತು.

“ಅವ್ವ?” ಎಂದಳು.

“ಅವ್ವ ಅರಾಮ ಇದ್ದಾಳ. ಸಿಲಿಂಡರಿನ ಬಾಯಿಗೆ ಎಣ್ಣಿ ಬಿಟ್ಟಾಳ.”

ಅಷ್ಟರಲ್ಲಿ ಓಡಿಬಂದ, ಕನ್ನಡ ಬಾರದ ಕೋಚ್ ಸರ್‌ಗೆ ಅಕ್ಕನೇ ಅದನ್ನು ಮರಾಠಿಯಲ್ಲಿ ಹೇಳಿದಳು. ಅವರು ಎಲ್ಲರನ್ನೂ ಹಿಂದೆ ಸರಿಸಿ, ಬಂದೂಕನ್ನು ತಾವೇ ಎತ್ತಿಕೊಂಡು, ಮೈಯಿಂದ ಆದಷ್ಟು ದೂರ ಹಿಡಿದು, ಬಯಲಿನ ಮಣ್ಣುದಿಬ್ಬದ ಆಚೆ ಹೋದರು. ಗಾಳಿ ಹೊರಬಿಡುವ ಸುಯ್ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಅಕ್ಕನ ಜಾಕೆಟ್ಟಿನ ತುದಿಯನ್ನು ಹಿಡಿದುಕೊಂಡಿದ್ದೆ, ಅವಳು ಬಿಡಿಸಿಕೊಳ್ಳಲಿಲ್ಲ. ಸರ್ ಮರಳಿ ಬಂದಾಗ ಅವರ ಬಿಳಿ ಕರವಸ್ತ್ರದ ಮೇಲೆ ಒಂದು ತೆಳು ಜಿಡ್ಡಿನ ಕಲೆ ಇತ್ತು. ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಹೊಲಿಗೆ ಮಷಿನ್ನಿನ ಎಣ್ಣೆ, ನೀರಿನಷ್ಟೇ ತಿಳಿ. ಬೈಯುತ್ತಾರೆ ಅಂದುಕೊಂಡೆ. ಅವರು ಹೋಗಿ ಮೆಟ್ಟಿಲ ಮೇಲೆ ಕೂತು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು.

ಎಣ್ಣೆ ಬಂದೂಕಿನ ಒಳಗೂ ಹೋಗಿರಬಹುದು, ಪೂರ್ತಿ ಬಿಚ್ಚಿ ತೊಳೆಯುವವರೆಗೆ ಅದನ್ನು ಮುಟ್ಟುವಂತಿಲ್ಲ ಎಂದರು. ಉಳಿದ ಗುಂಡುಗಳನ್ನು ಅಕ್ಕ ಕ್ಲಬ್ಬಿನ ಹಳೆಯ ಅದುರುವ ಸ್ಪ್ರಿಂಗ್ ಬಂದೂಕಿನಲ್ಲೇ ಹೊಡೆದಳು. ತಂಡದಲ್ಲಿ ಅವಳ ಹೆಸರು ಬರಲಿಲ್ಲ.

ವಾಪಸು ಬರುವಾಗ ಬಂದೂಕನ್ನು ಕೋಚ್ ಸರ್ ಹತ್ತಿರವೇ ಬಿಟ್ಟು, ಜಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದೆ ಕೂತಿದ್ದಳು.

“ಖರೇನ ಒಡೀತಿತ್ತೇನೋ?”

“ಗೊತ್ತಿಲ್ಲ.”

“ಡಿಬೇಟ್ ಮಾಡಾಂವ ನೀನು. ಒಡೀತಿತ್ತು ಅಂತ ಸಿದ್ಧ ಮಾಡಿ ತೋರಸು.”

“ಆಗೂದಿಲ್ಲ.”

“ಒಡೀತಿದ್ದಿಲ್ಲ ಅಂತ?”

“ಅದೂ ಆಗೂದಿಲ್ಲ.”

“ಹಂಗಾರ ಏನ್ ಕಲಸ್ತಾರೋ ನಿಮ್ಮ ಕಾಲೇಜಿನ್ಯಾಗ?” ಎಂದಳು. ಸ್ವಲ್ಪ ಹೊತ್ತಿಗೆ ಅವಳ ಎಡಗೈ ನನ್ನ ಹೆಗಲ ಮೇಲೆ ಬಿತ್ತು. “ಸಾವಕಾಶ ಹೊಡಿ ಗಾಡಿ.”

ಒಡೆಯುತ್ತಿತ್ತೇ ಎಂಬ ಆ ಪ್ರಶ್ನೆಯನ್ನು ಆಮೇಲೆ ತಿಳಿದವರಿಗೆಲ್ಲ ಕೇಳಿದ್ದೇನೆ. ಒಬ್ಬರು ಏನೂ ಆಗುತ್ತಿರಲಿಲ್ಲ ಅಂದರು, ಒಬ್ಬರು ನಿಮ್ಮ ಅಕ್ಕನ ಪುಣ್ಯ ಅಂದರು. ನಾನು ಕೂಗಿದ್ದರಿಂದ ಅಕ್ಕನ ಕೈ ಉಳಿಯಿತೋ, ಬರೀ ತಂಡ ತಪ್ಪಿತೋ, ಇವತ್ತಿಗೂ ಹೇಳಲಾರೆ. ಈಗ ಯಾರಾದರೂ ವೇದಿಕೆಯ ಮೇಲೆ ‘ಆಧಾರ ಕೊಡಿ’ ಎಂದರೆ ನನ್ನ ಬಾಯಿ ಒಣಗುತ್ತದೆ.

ಮೆಟ್ಟಿಲು ಹತ್ತುವಾಗ ಅಕ್ಕ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ನಾನು ತಲೆಯಾಡಿಸಿದೆ. ನಾವಿಬ್ಬರೂ ಒಂದೂ ಮಾತಿಲ್ಲದೆ ಒಪ್ಪಿದ ಒಂದೇ ಸಂಗತಿ ಅದು.

ಅವ್ವ ಬನ್ನಿ ಎಲೆಯ ತಟ್ಟೆ ಹಿಡಿದು ಬಾಗಿಲಲ್ಲೇ ಕಾದಿದ್ದಳು. ಅಕ್ಕನ ಎಡಗೈ, ಬಲಗೈ ಎರಡನ್ನೂ ಜೋಡಿಸಿ ಹಿಡಿದು, ಬೊಗಸೆಯಲ್ಲಿ ಎಲೆ ಇಟ್ಟು, “ಬಂಗಾರದಂಗ ಇರವಾ” ಎಂದಳು. ನಾನು ಆ ಬೆರಳುಗಳನ್ನೇ ನೋಡುತ್ತಿದ್ದೆ, ಒಂದು, ಇನ್ನೊಂದು, ಮತ್ತೊಂದು.

“ಆರಿಸಿ ಬಂದ್ಯಾ?”

“ಈ ಸಲ ಇಲ್ಲವ್ವಾ. ಮುಂದಿನ ಸಲ.”

“ಹೋಗ್ಲಿ ಬಿಡು.” ಅವ್ವ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. “ಸಿಲಿಂಡರ್ ಹೆಂಗ ತಿರಗ್ತು? ಕಿರ್ ಅನ್ನಲಿಲ್ಲಲ್ಲಾ?”

ಅಕ್ಕ ನನ್ನ ಕಡೆ ನೋಡಲಿಲ್ಲ.

“ಇಲ್ಲವ್ವಾ,” ಎಂದಳು. “ಒಟ್ಟ ಸಪ್ಪಳನ ಆಗಲಿಲ್ಲ.”